ಬೀರುವಿನ ಹಿಂದಿನ ಬೆಂಚು

ಡಾಕ್ಟರಿಗೆ ನಮಸ್ಕಾರ.

ನಮ್ಮ ಮನೆಯವರು ತೀರಿಕೊಂಡಾಗ ನೀವು ಮನೆಗೆ ಬಂದಿರಿ; ಅಷ್ಟು ಜನರ ನಡುವೆ ಇದನ್ನು ಹೇಳಲಾಗಲಿಲ್ಲ. ಈಗ ಹೇಳುತ್ತೇನೆ. ನಿಮ್ಮ ಕ್ಲಿನಿಕ್ಕಿನ ಬೀರುವಿನ ಹಿಂದಿನ ಬೆಂಚನ್ನು ನರ್ಸಮ್ಮನ ಮೇಜಿನ ಎದುರಿಗೆ ಹಾಕಿಸಿ. ತೀರಿಕೊಂಡ ದಿನ ಆ ಬೆಂಚಿನಲ್ಲೇ ಕೂತಿದ್ದ ಇವರ ಸರದಿ ಬಂದಾಗ ಆಕೆ ದೂರದಿಂದಲೇ ಇಣುಕಿ, "ಪಾಪ, ಒಳ್ಳೆ ನಿದ್ದೆ ಹತ್ತಿದೆ, ಎಬ್ಬಿಸೋದು ಬೇಡ" ಎಂದು ಮುಂದಿನವರನ್ನು ಒಳಗೆ ಕಳಿಸಿದರಂತೆ. ಆಕೆಯನ್ನು ಬೈಯಬೇಡಿ, ಕನಿಕರದಿಂದಲೇ ಮಾಡಿದ್ದು. ಆದರೆ ಮಲಗಿದವರನ್ನು ಎಬ್ಬಿಸಬಾರದು ಎನ್ನುವುದು ಮನೆಗೆ ಸರಿ, ನಿಮ್ಮಲ್ಲಿಗಲ್ಲ. ಕಣ್ಣು ಮುಚ್ಚಿ ಕೂತವರನ್ನು ಭುಜ ಮುಟ್ಟಿ ಮಾತಾಡಿಸಲಿ. ಇವರು ಹಗಲು ಮಲಗಿದವರೇ ಅಲ್ಲ.

ಸೋಮವಾರ ಬಿಪಿ ತೋರಿಸಲು ಬರುತ್ತೇನೆ. ಈಗೀಗ ರಾತ್ರಿ ನಿದ್ದೆಯಿಲ್ಲ, ಕೂತಲ್ಲೇ ತೂಕಡಿಸುತ್ತೇನೆ. ಬರೀ ತೂಕಡಿಕೆಯಾದರೂ ಪರವಾಗಿಲ್ಲ, ನನ್ನನ್ನು ಎಬ್ಬಿಸಿಬಿಡಿ.

ಇಂತಿ,
ನಿಮ್ಮ ಹಳೆಯ ಪೇಷೆಂಟಿನ ಹೆಂಡತಿ