ಬ್ಯಾಟರಿಗೆ ಮುಖ ಯಾವ ಕಡೆ

ಸೆಪ್ಟೆಂಬರ್ 16, ಮಂಗಳವಾರ. ಬೆಳಿಗ್ಗೆ 7

ಮತ್ತೆ ಇಪ್ಪತ್ತೆಂಟೇ ನಿಮಿಷ. ಗಡಿಯಾರ ಎದುರಿಗಿಟ್ಟುಕೊಂಡೇ ನೋಡಿದೆ. ಕಿಟಕಿಯಲ್ಲಿ ಕೂತು ಎದುರುಮನೆಯ ನೀರಿನ ಟ್ಯಾಂಕಿನ ಫೋಟೋ ಹೊಡೆಯುತ್ತಾ ಹೋದೆ. ಮೊದಲು ಕೆಂಪು ಗುರುತು, ಆಮೇಲೆ ಕತ್ತಲೆ. ಹನ್ನೆರಡು ವರ್ಷದ ಬ್ಯಾಟರಿ, ಪಾಪ, ಇಷ್ಟಾದರೂ ದುಡಿಯುತ್ತಿದೆ. ಅದರ ಜೊತೆಯದು ಹೋದ ವರ್ಷವೇ ಉಬ್ಬಿ ಇಡ್ಲಿಯಾಯಿತು.

ನಿನ್ನೆ ಕಂಪನಿಗೆ ಫೋನ್ ಮಾಡಿದ್ದೆ. "ಆ ಮಾಡೆಲ್ ನಿಂತ್ಹೋಗಿದೆ ಸರ್, ನೀವು ಅಪ್‌ಗ್ರೇಡ್ ಆಗ್ಬಹುದು ಸರ್." ನಾನು ಅಪ್‌ಗ್ರೇಡ್ ಆಗಬೇಕಂತೆ! ಅರವತ್ತೊಂದು ವರ್ಷ ಆಯಿತಮ್ಮಾ, ಇನ್ನೇನು ಆಗಲಿ ಅಂದೆ. ಇಟ್ಟುಬಿಟ್ಟಳು.

ಅಕ್ಟೋಬರ್ ಐದಕ್ಕೆ ಶೀನಣ್ಣನ ಅರವತ್ತರ ಶಾಂತಿ. ಅವನ ಮದುವೆಯ ಫೋಟೋ ತೆಗೆದವನು ನಾನು. ಮಕ್ಕಳ ನಾಮಕರಣ, ಮುಂಜಿ, ಎಲ್ಲ ನಾನೇ. ಬಸವನಗುಡಿಯಲ್ಲಿ ನನ್ನನ್ನು ಕರೆಯುವ ಮನೆ ಈಗ ಅದೊಂದೇ. ಉಳಿದವರಿಗೆ ಡ್ರೋನ್ ಬೇಕು, ಹೊಗೆ ಬೇಕು, ಹೆಣ್ಣು-ಗಂಡು ಓಡಿ ಬರುವ ಸ್ಲೋ ಮೋಷನ್ ಬೇಕು. ಥೂ. ಇದೊಂದು ಕೆಲಸ ಕೆಟ್ಟರೆ ಸ್ಟುಡಿಯೋ ಬೋರ್ಡ್ ಇಳಿಸಿ ಮನೆಯಲ್ಲಿ ಕೂರುವುದೇ.

ಸೆಪ್ಟೆಂಬರ್ 18

ಆನ್‌ಲೈನಿನಲ್ಲಿ ನೋಡಿದೆ. ನನ್ನ ಕ್ಯಾಮೆರಾಕ್ಕೆ ಹೊಂದುವ ಬ್ಯಾಟರಿ ನಲವತ್ತಕ್ಕೂ ಹೆಚ್ಚು ಇವೆ. ಒಂದರ ಹೆಸರೂ ಬಾಯಲ್ಲಿ ಹೊರಳುವುದಿಲ್ಲ. ಅಸಲಿ ಬ್ಯಾಟರಿಯ ಮೇಲೆ 1080 ಎಂದು ಬರೆದಿತ್ತು. ಇವರು 1800 ಅನ್ನುತ್ತಾರೆ, 2200 ಅನ್ನುತ್ತಾರೆ, ಒಬ್ಬ ಪುಣ್ಯಾತ್ಮ 2600. ಅಷ್ಟೇ ಡಬ್ಬಿ, ಅಷ್ಟೇ ತೂಕ, ಎರಡೂವರೆ ಪಟ್ಟು ಶಕ್ತಿ! ಬರೆಯುವುದಕ್ಕೆ ಏನು, ನಾಲಿಗೆಯ ಹಾಗೆ ಲೇಬಲಿಗೂ ಎಲುಬಿಲ್ಲ.

ವಿಮರ್ಶೆಗಳು ಇನ್ನೂ ಚೆಂದ. "ಸೂಪರ್ ಪ್ರಾಡಕ್ಟ್, ಇನ್ನೂ ಉಪಯೋಗಿಸಿಲ್ಲ"—ಐದು ನಕ್ಷತ್ರ. "ಬಾಕ್ಸ್ ಚೆನ್ನಾಗಿದೆ"—ಐದು ನಕ್ಷತ್ರ. ಈ ಜನಕ್ಕೆ ವೋಟಿನ ಹಕ್ಕೂ ಇದೆ.

ಸುಪ್ರಜಾ ಬಂದು ಇಣುಕಿದಳು. "ರೀ, ಪಿತೃಪಕ್ಷದಲ್ಲಿ ಹೊಸ ವಸ್ತು ತಗೋಬಾರ್ದು. ಅಮಾವಾಸ್ಯೆ ಕಳೀಲಿ." ಬ್ಯಾಟರಿಗೂ ಸೋಪಿಗೂ ವ್ಯತ್ಯಾಸ ತಿಳಿಯದ ಹೆಂಡತಿ, ಬ್ಯಾಟರಿಗೆ ಮುಹೂರ್ತ ಇಡುತ್ತಾಳೆ. ಆದರೂ... ಅಮಾವಾಸ್ಯೆ ಕಳೆಯಲಿ.

ಸೆಪ್ಟೆಂಬರ್ 23. ಸಂಜೆ

ನಗರ್ತಪೇಟೆಗೆ ಹೋಗಿಬಂದೆ. ಮಾರುದ್ದದ ಅಂಗಡಿ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಮುನಿರಾಜು ಅಂತ. ನಮ್ಮ ಫೋಟೋಗ್ರಾಫರ್ ಗುಂಪಿನವರೆಲ್ಲ ಬ್ಯಾಟರಿ, ಚಾರ್ಜರ್, ಕಾರ್ಡುಗಳಿಗೆ ಇವನ ಹತ್ತಿರವೇ ಹೋಗುವುದು. ನಾನು ಹೋಗಿರಲಿಲ್ಲ. ಡೂಪ್ಲಿಕೇಟ್ ಮುಟ್ಟಿದವನಲ್ಲ ನಾನು.

ಮೂರು ಬಗೆ ತೆಗೆದಿಟ್ಟ. 2600 ಬರೆದದ್ದನ್ನು ನಾನು ಎತ್ತಿಕೊಂಡೆ. "ಅದ್ ಬೇಡ ಸಾರ್. ಬರೆದಿರೋದು ಅಷ್ಟೇ, ಒಳಗಡೆ ಸಾವ್ರನೂ ಇಲ್ಲ. ಇದ್ ತಗೊಳ್ಳಿ. ಸಾವ್ರದ ನೂರು ಅಂತ ಬರ್ದವ್ರೆ, ಸಾವ್ರದ ನೂರೇ ಇದೆ. ನಿಮ್ ಕ್ಯಾಮ್ರಾದಲ್ಲಿ ಚಾರ್ಜ್ ಎಷ್ಟಿದೆ ಅಂತನೂ ತೋರ್ಸತ್ತೆ."

ತನ್ನ ಸರಕನ್ನು ತಾನೇ ಬೈದುಕೊಳ್ಳುವ ವ್ಯಾಪಾರಿ. ಇದೂ ಒಂದು ವ್ಯಾಪಾರದ ಪಟ್ಟು. ನನಗೆ ಗೊತ್ತಿಲ್ಲವೇ?

"ಅಸಲಿ ಥರ ಇರತ್ತೇನ್ರೀ?" ಅಂದೆ.

"ಅಸಲಿ ಥರ ಅಂತ ಸುಳ್ಳು ಹೇಳಲ್ಲ ಸಾರ್. ಚಳೀಲಿ ಬೇಗ ಇಳಿಯತ್ತೆ. ಒಂದ್ ವಾರ ಮನೇಲಿ ಓಡ್ಸಿ ನೋಡಿ. ಸರಿ ಬರ್ಲಿಲ್ಲ ಅಂದ್ರೆ ವಾಪಸ್ ತನ್ನಿ, ನಾನ್ ಇಲ್ಲೇ ಇರ್ತೀನಿ."

ಎರಡು ತಂದೆ. ಅಸಹ್ಯವಾಗುತ್ತಿದೆ. ಹಗುರವಾಗಿ, ಆಟದ ಸಾಮಾನಿನ ಹಾಗಿವೆ.

ಸೆಪ್ಟೆಂಬರ್ 27

ಒಂದು ಗಂಟೆ ಐವತ್ತು ನಿಮಿಷ! ಎರಡನೆಯದು ಒಂದು ಗಂಟೆ ನಲವತ್ತಾರು. ಬಿಸಿಯೂ ಆಗಲಿಲ್ಲ.

ಮೊದಮೊದಲು ಎಲ್ಲವೂ ಹೀಗೆಯೇ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ.

ಅಕ್ಟೋಬರ್ 1, ಆಯುಧಪೂಜೆ

ಬೆಳಿಗ್ಗೆಯೇ ಹೊಸವೆರಡನ್ನೂ ಹಳೆಯದನ್ನೂ ಪೂರ್ತಿ ಚಾರ್ಜ್ ಮಾಡಿ, ಹಳೆಯದನ್ನು ಕ್ಯಾಮೆರಾದೊಳಗೆ ಹಾಕಿಟ್ಟೆ. ಕ್ಯಾಮೆರಾ, ಎರಡು ಲೆನ್ಸ್, ಫ್ಲಾಶ್, ಟ್ರೈಪಾಡ್, ಚಾರ್ಜರ್—ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಜೋಡಿಸಿದೆ. ರಸ್ತೆಯಲ್ಲಿ ಕಾರುಗಳಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಸೆಲ್ಫಿ. ಕಂತು ಕಟ್ಟುವುದು ಬ್ಯಾಂಕಿಗೆ, ಪೂಜೆ ಕಾರಿಗೆ.

ನಮ್ಮಪ್ಪ ಹೇಳುತ್ತಿದ್ದರು, ಅನ್ನ ಕೊಡುವ ಸಾಮಾನಿನಲ್ಲಿ ಒಂದನ್ನೂ ಬಿಡಬಾರದು, ಮುಖ ನೋಡಿ ಗಂಧ ಹಚ್ಚಬೇಕು ಎಂದು. ಹಾಗಾಗಿ ಹೊಸ ಬ್ಯಾಟರಿಗಳಿಗೂ. ಸುಪ್ರಜಾ "ಲೇಬಲ್ ಮೇಲೆ ಹಚ್ಚಿ ರೀ" ಅಂದಳು. ಲೇಬಲ್ ಮುಖವೇ? ಅದು ಬೆನ್ನು. ತಾಮ್ರದ ಪಟ್ಟಿ ಕಾಣುವ ಕಡೆ ಮುಖ. ತಿನ್ನುವುದೂ ಕೊಡುವುದೂ ಅಲ್ಲಿಂದಲೇ ತಾನೇ? ಗಂಧವನ್ನು ಗಟ್ಟಿಯಾಗಿ ತೇದು, ಅಲ್ಲಿಗೇ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಚಾರ್ಜರಿಗೂ ಅಲ್ಲೇ. ಈ ಮನೆಯಲ್ಲಿ ಒಂದನ್ನಾದರೂ ಯೋಚಿಸಿ ಮಾಡುವವನು ನಾನೊಬ್ಬನೇ.

ನಾಳೆ ದಶಮಿಯವರೆಗೆ ಯಾವುದನ್ನೂ ಮುಟ್ಟುವುದಿಲ್ಲ.

ಅಕ್ಟೋಬರ್ 5. ಮಧ್ಯಾಹ್ನ 3

ಊಟ ಮಾಡದೆ ಬಂದೆ.

ಹಳೆಯ ಬ್ಯಾಟರಿ ಹಾಕಿಕೊಂಡೇ ಶುರು ಮಾಡಿದ್ದೆ. ಹೋಮ, ಕಲಶ, ಅಭಿಷೇಕ—ಅಲ್ಲಿಗೆ ಅದು ಮುಗಿಯಿತು. ಗೊತ್ತಿದ್ದದ್ದೇ. ಶೀನಣ್ಣ ಒದ್ದೆ ಬಟ್ಟೆ ಬದಲಿಸಿ ಬಂದು ಮಾಂಗಲ್ಯ ಕೈಗೆ ತೆಗೆದುಕೊಂಡ. ಹೊಸದನ್ನು ಹಾಕಿದೆ. ಸತ್ತಿತ್ತು. ಇನ್ನೊಂದನ್ನು ಹಾಕಿದೆ. ಅದೂ. ಪುರೋಹಿತರು "ಗಟ್ಟಿಮೇಳ" ಅಂದರು. ನಾನು ಕತ್ತಲೆಯ ಕ್ಯಾಮೆರಾ ಹಿಡಿದು ನಿಂತಿದ್ದೆ. ಮೂರು ಗಂಟೂ ಬಿದ್ದವು.

ಯಾರೋ ನೆಂಟ ಮೊಬೈಲಿನಲ್ಲಿ ತೆಗೆದ. ಅಡ್ಡ ಹಿಡಿಯಬೇಕು ಅನ್ನುವುದೂ ಗೊತ್ತಿಲ್ಲದವನು.

ಶೀನಣ್ಣ ಬೈಯಲಿಲ್ಲ. ಹೆಗಲ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡು ಲಕ್ಷ್ಮೀಶ, ನಿಂಗೂ ವಯಸ್ಸಾಯ್ತು" ಅಂದ.

ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 6. ಸಂಜೆ 6

ಬಿಡಲಿಲ್ಲ. ಅಂಗಡಿಯ ಮುಂದೆ ಏಳೆಂಟು ಜನ ಇದ್ದರು, ಅಷ್ಟೂ ಜನರ ಎದುರಿಗೇ ಕೇಳಿದೆ. "ಏನ್ರೀ, ಜನರ ಮಾಂಗಲ್ಯದ ಮೇಲೆ ವ್ಯಾಪಾರ ಮಾಡ್ತೀರಾ? ಕಳ್ಳ ಸಾಮಾನು ಮಾರೋಕೆ ನಾಚಿಕೆ ಆಗಲ್ವಾ?" ಎರಡನ್ನೂ ಅವನ ಗಾಜಿನ ಮೇಲೆ ಕುಕ್ಕಿದೆ.

ಮುನಿರಾಜು ಒಂದನ್ನು ತಿರುಗಿಸಿ ನೋಡಿದ. ಇನ್ನೊಂದನ್ನೂ ನೋಡಿದ. ನನ್ನ ಮುಖ ನೋಡಿದ. ಏನೋ ಹೇಳುವವನಿದ್ದ, ಬಿಟ್ಟ. ಅವೆರಡನ್ನೂ ಒಳಗಿಟ್ಟು, ತಾನೇ ಚಾರ್ಜ್ ಮಾಡಿಟ್ಟಿದ್ದ ಬೇರೆ ಎರಡನ್ನು ಕೊಟ್ಟ. "ತಪ್ಪಾಯ್ತು ಸಾರ್."

ಒಪ್ಪಿಕೊಂಡ! ಕಳ್ಳ ತಾನಾಗಿ ಒಪ್ಪಿಕೊಂಡ.

ಮನೆಗೆ ಬಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಮುನ್ನೂರು ಚಿಲ್ಲರೆ ಫೋಟೋಗ್ರಾಫರುಗಳು ಇದ್ದಾರೆ. "ನಗರ್ತಪೇಟೆಯ ಮುನಿರಾಜು ಅಂಗಡಿಯ ಬ್ಯಾಟರಿಗಳು ನಕಲಿ. ಆತ ನನ್ನೆದುರೇ ಒಪ್ಪಿಕೊಂಡಿದ್ದಾನೆ. ಎಚ್ಚರ." ಮೊದಲು ಬರೆದವನು ಮನೋಹರ್, ನನ್ನ ಹತ್ತಿರವೇ ಕೆಲಸ ಕಲಿತು ಈಗ ಡ್ರೋನ್ ಹಾರಿಸುವವನು. "ಗುರುಗಳು ಹೇಳಿದ್ಮೇಲೆ ಮುಗೀತು." ಆಮೇಲೆ ಸಾಲಾಗಿ ಕೈಮುಗಿಯುವ ಚಿತ್ರಗಳು.

ಹೊಟ್ಟೆ ತಣ್ಣಗಾಯಿತು. ರಾತ್ರಿ ಎರಡು ತುತ್ತು ಜಾಸ್ತಿಯೇ ಊಟ ಮಾಡುತ್ತೇನೆ.

ಅಕ್ಟೋಬರ್ 13. ಬೆಳಿಗ್ಗೆ 11

ಮುನಿರಾಜು ಕೊಟ್ಟ ಎರಡೂ ಖಾಲಿಯಾಗಿದ್ದವು. ಚಾರ್ಜರಿಗೆ ಹಾಕಿದೆ. ದೀಪ ಹತ್ತಲಿಲ್ಲ. ಇದೂ ಡೂಪ್ಲಿಕೇಟ್, ಇನ್ನೊಂದು ಸಲ ಜನ್ಮ ಜಾಲಾಡಿಬಿಡುತ್ತೇನೆ ಎಂದು ಮೊಬೈಲ್ ಎತ್ತಿಕೊಂಡೆ. ಹಳೆಯ ಅಸಲಿ ಬ್ಯಾಟರಿ ಹಾಕಿ ನೋಡಿದೆ. ಅದಕ್ಕೂ ದೀಪ ಹತ್ತಲಿಲ್ಲ.

ಸುಪ್ರಜಾ ಕನ್ನಡಕ ಹಾಕಿಕೊಂಡು ಬಗ್ಗಿದಳು. "ರೀ, ಅದರೊಳಗೆ ಕೆಂಪಗೆ ಅದೇನದು?"

ಗಂಧ. ಕುಂಕುಮ. ಒಣಗಿ ಸಿಮೆಂಟಾಗಿದೆ, ಪಿನ್ನಿನ ಸಂದಿಯಲ್ಲೆಲ್ಲ. ಕಡ್ಡಿಯಲ್ಲಿ ಕೆರೆದೆ, ಒರೆಸಿದೆ. ದೀಪ ಹತ್ತಿತು. ನಾಲ್ಕು ಸಲ ತೆಗೆದು ಹಾಕಿ ನೋಡಿದೆ. ನಾಲ್ಕು ಸಲವೂ ಹತ್ತಿತು.

ನಾನೇ ಹಚ್ಚಿದ್ದು, ಆ ಎರಡು ಬ್ಯಾಟರಿಗಳಿಗೂ. ಇದೇ ಉಂಗುರದ ಬೆರಳಲ್ಲಿ.

ಸುಪ್ರಜಾ ಕನ್ನಡಕ ತೆಗೆದಳು. ಅಡುಗೆಮನೆಗೆ ಹೋದಳು. ಒಗ್ಗರಣೆಯ ಸದ್ದು ಎಂದಿಗಿಂತ ಜೋರಾಗಿತ್ತು.

ಮಧ್ಯಾಹ್ನ 2

ಮುನಿರಾಜು ತಿರುಗಿಸಿ ನೋಡಿದ್ದನಲ್ಲ. ಎರಡನ್ನೂ ನೋಡಿದ್ದ. ಹಾಗಾದರೆ ಅವನಿಗೆ ಗೊತ್ತಿತ್ತು.

ಅಕ್ಟೋಬರ್ 15

ಎರಡು ದಿನ ಹೋಗಲಾರದೆ, ಇವತ್ತು ಹೋದೆ. ಹನ್ನೊಂದು ಗಂಟೆ, ಅಂಗಡಿಯ ಮುಂದೆ ಒಬ್ಬರೂ ಇಲ್ಲ. ಅವನು ಒಬ್ಬನೇ ಕೂತು ಪೇಪರ್ ಓದುತ್ತಿದ್ದ. ನನ್ನನ್ನು ನೋಡಿ ಎದ್ದ. "ಬನ್ನಿ ಸಾರ್. ಸರಿಯಾಗಿವೆಯಾ?"

"ಅವತ್ತು ಯಾಕೆ ಹೇಳ್ಲಿಲ್ಲ?" ಅಂದೆ. ದನಿ ಏರಿತು. ತಪ್ಪು ನನ್ನದು, ಏರಿದ ದನಿಯೂ ನನ್ನದೇ.

ಅವನು ಗಾಜು ಒರೆಸಿದ. "ಹೆಂಗ್ ಹೇಳ್ಲಿ ಸಾರ್? ಅಷ್ಟ್ ಜನ ನಿಂತವ್ರೆ. ನೀವು ದೊಡ್ಡೋರು. ಕುಂಕುಮ ನಿಮ್ದೇ ಮನೇದು ಅಂದ್ರೆ ಅವ್ರೆಲ್ಲ ನಗ್ತಿದ್ರು. ಆಮೇಲ್ ಒಂದ್ ಫೋನ್ ಮಾಡಿ ಹೇಳಣ ಅಂದ್ಕೊಂಡೆ. ಸಂಜೇಗೆ ನಿಮ್ ಮೆಸೇಜ್ ಯಾರೋ ಕಳ್ಸಿದ್ರು. ಇನ್ನೇನ್ ಮಾಡೋದು ಅಂತ ಸುಮ್ಕಾದೆ."

ಒಂಬತ್ತು ಜನ ವಾಪಸ್ ತಂದರಂತೆ. ಎಲ್ಲವೂ ಚೆನ್ನಾಗಿದ್ದವೇ. ಎಲ್ಲವನ್ನೂ ತೆಗೆದುಕೊಂಡನಂತೆ.

"ಜಗಳ ಆಡ್ಬೇಕಿತ್ತು ಅವ್ರ ಹತ್ರ," ಅಂದೆ.

"ಲಕ್ಷ್ಮೀಶ ಸಾರ್ ಹೇಳವ್ರೆ ಅಂತಾರೆ ಸಾರ್. ನನ್ ಮಾತು ಯಾರ್ ಕೇಳ್ತಾರೆ?"

ಟೀ ತರಿಸಿದ. ಬೇಡ ಅನ್ನಲಿಕ್ಕೆ ಮುಖ ಇರಲಿಲ್ಲ, ಕುಡಿದೆ. ಗುಂಪಿಗೆ ಬರೆಯಿರಿ ಎಂದು ಅವನು ಕೇಳಲಿಲ್ಲ. ನಾನೂ ಬರೆಯುತ್ತೇನೆ ಅನ್ನಲಿಲ್ಲ. ನಾಲ್ಕು ದಶಕ ಜನರ ಮುಖ ನೋಡಿ ಬದುಕಿದವನು ನಾನು. ಎದುರಿಗೆ ಇದ್ದ ಈ ಮುಖವನ್ನು ನೋಡಲಿಕ್ಕೆ ಆಗಲಿಲ್ಲ. ನನ್ನಂಥ ಹೇಡಿಯನ್ನು ನಾನು ಕಂಡಿಲ್ಲ.

ಅಕ್ಟೋಬರ್ 18. ಬೆಳಿಗ್ಗೆ 6

ಮೂರು ದಿನದಿಂದ ಬರೆಯುತ್ತೇನೆ, ಅಳಿಸುತ್ತೇನೆ. ಮೊದಲನೆಯದು: "ಕಾರಣಾಂತರಗಳಿಂದ ಹಿಂದಿನ ಸಂದೇಶವನ್ನು ಹಿಂಪಡೆಯಲಾಗಿದೆ." ಸರ್ಕಾರಿ ಆದೇಶ! ಎರಡನೆಯದು: "ಚಾರ್ಜರಿನ ತಾಂತ್ರಿಕ ದೋಷ." ಸುಳ್ಳು. ಮೂರನೆಯದು: "ಮನೆಯಲ್ಲಿ ಹೆಂಗಸರು ಪೂಜೆ ಮಾಡುವಾಗ..." ಥೂ ನನ್ನ ಜನ್ಮಕ್ಕೆ.

ಗೊತ್ತಿದೆ. ಮನೋಹರ್ ನಗುತ್ತಾನೆ, ಎಲ್ಲರೂ ನಗುತ್ತಾರೆ. ಈ ವಿಷಯ ಶೀನಣ್ಣನ ಮನೆಗೂ ಹೋಗುತ್ತದೆ. ಬೋರ್ಡ್ ಇಳಿಯುತ್ತದೆ. ಅತ್ತ, ನಾನು ಸುಮ್ಮನಿದ್ದರೆ, ಮುನಿರಾಜುವಿನ ಅಂಗಡಿಯ ಶಟರ್.

ಮೊದಲು ಇಲ್ಲಿ ಬರೆಯುತ್ತೇನೆ. ಪೆನ್ನಿನಲ್ಲಿ ಬರೆದರೆ ಅಳಿಸಲಿಕ್ಕೆ ಆಗುವುದಿಲ್ಲ. ಆಮೇಲೆ ಇದರ ಫೋಟೋ ತೆಗೆದು ಗುಂಪಿಗೆ ಹಾಕುತ್ತೇನೆ.

ಮಿತ್ರರೇ, ನಾನು ಲಕ್ಷ್ಮೀಶ. ಮುನಿರಾಜು ಅವರು ಕೊಟ್ಟ ಬ್ಯಾಟರಿಗಳಲ್ಲಿ ಯಾವ ದೋಷವೂ ಇರಲಿಲ್ಲ. ಅವರು ತಪ್ಪಾಯ್ತು ಅಂದದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ. ಅವುಗಳ ಮುಖಕ್ಕೆ ಗಂಧ ಹಚ್ಚಿ ಕೆಡಿಸಿದವನು ನಾನು. ಅವರ ಮರ್ಯಾದೆ ಕಳೆದವನೂ ನಾನೇ.