ಬೂದು ಬಣ್ಣದ ಬ್ಯಾಡ್ಜರ್ ಬ್ರಷ್ಷು

ಶುಕ್ರವಾರ, ನವೆಂಬರ್ 14. ಹ್ಯಾಲಿಫ್ಯಾಕ್ಸ್.

ಯಾರ್ಕ್‌ಷೈರಿನ ಸಕಲ ಗಡ್ಡಗಳ ಒಡೆಯನೇ, ಬಿಲವಾಸಿಯೇ, ಮಹಾಮಹಿಮ ಬ್ಯಾಡ್ಜರನೇ! ನಿನ್ನ ರೋಮದ ಶೇವಿಂಗ್ ಬ್ರಷ್ಷಿಗೆ ಇಂದು ನನ್ನ ಜೇಬು ಶರಣಾಯಿತು.

ಭಾನುವಾರ ತಾತನಿಗೆ ಸನ್ಮಾನ. ತಾತ ಜೀವಮಾನವಿಡೀ ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿ ಊದಿದ ಬ್ಯಾಂಡಿನವರೇ ಮಾಡುತ್ತಿದ್ದಾರೆ. ಆದರೆ ಕೈ ನಡುಗಲು ಶುರುವಾದ ಮೇಲೆ ತಾತನ ಮುಖ ಕೊಯ್ದ ಹೊಲದಂತಾಗಿದೆ. ಹಳೆಯ ಬ್ರಷ್ಷಂತೂ ತಾತನ ತಲೆಗಿಂತ ಬೋಳು. ಅಮ್ಮ ತಂದ ಕರೆಂಟ್ ರೇಜರನ್ನು ಮುಟ್ಟಲೂ ಒಪ್ಪುತ್ತಿಲ್ಲ.

"ಅದು ಕುರಿ ಉಣ್ಣೆ ಕತ್ತರಿಸೋದು ಕಣೇ. ನೊರೆ ಹಚ್ಚಿ ಶೇವ್ ಮಾಡದೆ ನಾನು ಬ್ಯಾಂಡಿನ ಮುಂದೆ ನಿಲ್ಲಲ್ಲ," ಅಂತ ಅಮ್ಮನಿಗೆ ಹೇಳಿಬಿಟ್ಟ.

ಅಂಗಡಿಯ ಮಿಸೆಸ್ ಪಿಕರ್ಸ್‌ಗಿಲ್ ಮೊದಲು ಬೆಳ್ಳಿ ಬಣ್ಣದ ತುದಿಯ ಮೆತ್ತನೆ ಕೂದಲಿನ ಬ್ರಷ್ಷು ತೋರಿಸಿದರು. ಬೆಲೆ ಕೇಳಿ, "ಇಷ್ಟು ಕೊಟ್ರೆ ಬ್ಯಾಡ್ಜರೇ ಮನೆಗೆ ಬಂದು ಶೇವ್ ಮಾಡುತ್ತಾ?" ಅಂದೆ.

"ಹಾಗಾದ್ರೆ ಈ ಬೂದು ಬಣ್ಣದ್ದು ತಗೋ ಮರಿ. ಸ್ವಲ್ಪ ಚುಚ್ಚುತ್ತೆ. ನಿಮ್ಮ ತಾತನ ಚರ್ಮಕ್ಕೆ ಚುಚ್ಚಿದ್ರೇನೇ ಗೊತ್ತಾಗೋದು."

ನ್ಯಾಯಾಧೀಶನಂತೆ ಕಣ್ಣು ಮುಚ್ಚಿ, ಕೆನ್ನೆಗೆ ಉಜ್ಜಿ ನೋಡಿ, ತೀರ್ಪು ಕೊಟ್ಟು ಮನೆಗೆ ತಂದೆ. ಬಿಸಿನೀರಲ್ಲಿ ನೆನೆಸಿದ್ದೇ ತಡ, ಅಡುಗೆಮನೆಯೆಲ್ಲ ನಾತ.

"ಇಲ್ಲೇನೋ ಸತ್ತಿದೆ ಕಣೋ!" ಅಂದಳು ಅಮ್ಮ.

ಒಳಗಿನಿಂದ ಎದ್ದು ಬಂದ ತಾತ ಮೂಸಿ ನೋಡಿದ. ವಾರದ ಮೇಲೆ ಇವತ್ತೇ ಮುಖದಲ್ಲಿ ನಗು.

"ಅಸಲಿ ಬ್ಯಾಡ್ಜರ್ ಕಣೇ ಇದು. ಹೊಸದು ನಾರಲೇಬೇಕು, ನಾಲ್ಕು ಸಲ ತೊಳೆದ್ರೆ ಹೋಗುತ್ತೆ. ಲೋ, ಭಾನುವಾರ ನೀನೇ ಮಾಡು. ದಿನಾ ಶೇವ್ ಮಾಡ್ಕೊಳ್ಳೋ ಕೈ ನಿಂದು, ನಂಬಿಕೆ ಇದೆ."

ಮಾಡಿಯೇ ತೀರುತ್ತೇನೆ. ತಾತನ ಕೆನ್ನೆ ಕಾರ್ನೆಟ್ಟಿನಂತೆ ಹೊಳೆಯಬೇಕು. ಸೋಪು ಹಚ್ಚಿದ ಬಲೂನುಗಳ ಮೇಲೆ ಬ್ಲೇಡಿನ ಅಭ್ಯಾಸ ನಡೆದಿದೆ. ಎರಡು ಈಗಾಗಲೇ ವೀರಮರಣ ಹೊಂದಿವೆ.

ದಿನಾ ನಾನು ಬಳಸುತ್ತಿರುವುದು ತಾತ ಬೇಡವೆಂದ ಆ ಕುರಿ ಕತ್ತರಿಸುವ ಯಂತ್ರವನ್ನೇ.