ಒಂದು ಸೇರು ಅವಲಕ್ಕಿಯ ತೂಕ

ತೋಡಾರು, ಬುಧವಾರ

ತೂಕ ಮತ್ತು ಅಳತೆ ನಿರೀಕ್ಷಕರಿಗೆ,

ಮಾನ್ಯರೇ,

ಮೆಲ್ಕಾರಿನ ಜೀಪಿನ ಕಥೆಯನ್ನು ನಮಗೆ ಮೊದಲು ಹೇಳಿದ್ದು ನಮ್ಮ ಅವಲಕ್ಕಿಯನ್ನು ಮೂಡುಬಿದಿರೆಯ ಅಂಗಡಿಗಳಿಗೆ ಮುಟ್ಟಿಸುವ ರಿಕ್ಷಾದ ಧನರಾಜ್, ನಿನ್ನೆ ಸಂಜೆ, ಮಹಿಳಾ ಸಂಘದ ಸಭೆಯಲ್ಲಿ.

"ಪ್ಯಾಕೆಟಿನಲ್ಲಿ ತೂಕ ತಪ್ಪು ಬರೆದದ್ದಕ್ಕೆ ಮೆಲ್ಕಾರಿನಲ್ಲಿ ಒಬ್ಬಳನ್ನು ಮಿಕ್ಸಿ ಸಮೇತ ಜೀಪಿಗೆ ಹತ್ತಿಸಿದ್ದಾರಂತೆ ಮಾರಾಯ್ರೆ! ಸೇಸಮ್ಮಕ್ಕ, ನಿಮ್ಮದು ಒನಕೆ ಅಲ್ವಾ, ಜೀಪಿಗೆ ಉದ್ದ ಆಗ್ತದೆ" ಎಂದು ನಗಾಡಿದ. ಬೇರೆ ಯಾರೂ ನಗಲಿಲ್ಲ.

ಸಂಘಕ್ಕೆ ಅವಲಕ್ಕಿ ಕುಟ್ಟಿಕೊಡುವ ಸೇಸಮ್ಮ ಅದನ್ನು ಪ್ಯಾಕೆಟಿಗೆ ತುಂಬಿಸುವುದು ತಾಯಿ ಕೊಟ್ಟ ಸೇರಿನ ಪಾತ್ರೆಯಲ್ಲಿ ಅಳೆದು. ಲೇಬಲ್ಲಿನಲ್ಲಿ ಸೇರು ಎಂದು ಬರೆಯಬಾರದು ಎಂದು ತಿಳಿದು ಕಳೆದ ವಾರ "ಒಂದು ಕಿಲೋ" ಎಂದು ಅಚ್ಚು ಹಾಕಿಸಿದವಳು ನಾನು. ಸೇರು ಅಕ್ಕಿ ಹೆಚ್ಚುಕಡಿಮೆ ಕಿಲೋ ತೂಗುತ್ತದೆ. ಅವಲಕ್ಕಿ ಹಗುರ ಎಂಬುದು ನನಗೆ ಹೊಳೆಯಲಿಲ್ಲ. ನಿನ್ನೆ ತೂಗಿ ನೋಡಿದರೆ ನಾನೂರು ಗ್ರಾಂ! ತಯಾರಕರೆಂದು ಹೆಸರಿರುವುದು ಸೇಸಮ್ಮನದ್ದು. ಅವರಿಗೆ ಓದಲು ಬರುವುದಿಲ್ಲ.

ದಯವಿಟ್ಟು ಅವರನ್ನು ಕುಳ್ಳಿರಿಸಿ ಮಾತಾಡಿ. ಸೇರನ್ನು ಅವರಿಂದ ತೆಗೆದುಕೊಳ್ಳಬೇಡಿ. ಏನು ಬರೆಯುವುದಿದ್ದರೂ ನನ್ನ ಹೆಸರಿಗೆ ಬರೆಯಿರಿ.

ಇವತ್ತು ಬೆಳಿಗ್ಗೆ ಸಂಘದವರೆಲ್ಲ ಪ್ಯಾಕೆಟ್ ವಾಪಸು ತರಲು ಅಂಗಡಿಗಳಿಗೆ ಹೋದರು. ಸೇಸಮ್ಮ ಮಾತ್ರ ಒಂದು ಸೀರೆ, ಬಿ.ಪಿ. ಮಾತ್ರೆ ಮತ್ತು ಆ ಸೇರನ್ನು ಚೀಲಕ್ಕೆ ಹಾಕಿಕೊಂಡು, "ಮನೆಗೆ ಜೀಪು ಬರುವುದು ಬೇಡ, ನಾನೇ ಹೋಗ್ತೇನೆ" ಎಂದು ಬಸ್ಸು ಹತ್ತಿದರು. ನಾನೂ ಹಿಂದೆಯೇ ಹತ್ತಿ, ಬಸ್ಸಿನಲ್ಲೇ ಕುಳಿತು ಇದನ್ನು ಬರೆದೆ. ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟವರು ಅವರೇ. ನಾನು ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದೇನೆ. ಕರೆದರೆ ಬರುತ್ತೇನೆ.

ಇತಿ,
ಹರ್ಷಿತಾ
ಸಂಘದ ಕಾರ್ಯದರ್ಶಿ